ಮನೆ ಫೋನ್ ಇರಲಿ

ಓಲ್ಡ್ ಬ್ರಿಡ್ಜ್, ಮಾರ್ಚ್ ೨೦೧೦

ಸುಧಾಮಣಿ ಆಂಟಿಗೆ ಜ್ಯೋತ್ಸ್ನಾಳ ನಮಸ್ಕಾರ.

ಫಾರ್ಮಸಿಯಲ್ಲಿ ನನಗೆ ಫುಲ್‌ಟೈಮ್ ಕೆಲಸ ಸಿಕ್ಕಿದೆ. ಆದಾಯ ಬದಲಾದರೆ ಕೂಡಲೇ ಕೋರ್ಟಿಗೆ ತಿಳಿಸಬೇಕು ಅಂತ ನಮ್ಮ ದಿವಾಳಿ ಕೇಸಿನ ವಕೀಲರಾಗಿ ನೀವು ಮೊದಲೇ ಹೇಳಿದ್ದಿರಿ. ಹೊಸ ಸಂಬಳದ ಸ್ಲಿಪ್ ಜೊತೆಗಿಟ್ಟಿದ್ದೇನೆ. ಸಾಲದ ಕಂತು ಹೆಚ್ಚಾಗುತ್ತದೆ ಅಂತ ಗೊತ್ತು. ಕಟ್ಟುತ್ತೇನೆ.

ಕೋರ್ಟಿನ ಪರವಾಗಿ ಕಂತು ವಸೂಲಿ ಮಾಡುವ ಟ್ರಸ್ಟಿ ಆಫೀಸಿನವರು ಖರ್ಚನ್ನೂ ಇಳಿಸಲು ಹೇಳಿದ್ದಾರೆ. ಕೇಬಲ್ ತೆಗೆಸಿದೆ, ನಮ್ಮ ಯಜಮಾನರ ಕಾರು ಮಾರಿದೆ. "ಸೆಲ್ ಇರುವಾಗ ಮನೆ ಫೋನ್ ಯಾಕೆ?" ಅಂತ ಅಲ್ಲಿನ ಹುಡುಗಿ ಕೇಳಿದಳು. ಅದನ್ನು ಮಾತ್ರ ತೆಗೆಸಿಲ್ಲ.

ಇವರು ತೀರಿಕೊಂಡು ವರ್ಷವಾಯಿತು. ಆನ್ಸರಿಂಗ್ ಮಷೀನಿನಲ್ಲಿ ಇನ್ನೂ ಇವರ ದನಿಯೇ ಇದೆ: "ನಾವು ಮನೆಯಲ್ಲಿಲ್ಲ. ಬಂದ ಮೇಲೆ ಫೋನ್ ಮಾಡ್ತೇವೆ." ಊಟದ ಬ್ರೇಕಿನಲ್ಲಿ ನಾನು ಖಾಲಿ ಮನೆಗೆ ಫೋನ್ ಮಾಡುತ್ತೇನೆ. ದನಿ ಕೇಳಿ ಇಡುತ್ತೇನೆ.

ಕಳೆದ ವಾರ ಮಾಡಿದಾಗ ಲೈನ್ ಎಂಗೇಜ್ ಇತ್ತು. ಬೀಗ ಹಾಕಿದ ಮನೆಯಲ್ಲಿ ಯಾರು ಮಾತಾಡುತ್ತಿದ್ದಾರೆ? ಮತ್ತೆ ಮಾಡುವ ಧೈರ್ಯ ಬರಲಿಲ್ಲ. ಸಂಜೆ ಮಗಳು ಅನುಷ್ಕಾಗೆ ಹೇಳಿದೆ. ಅವಳು ತಲೆಯೆತ್ತದೆ, "ಇಟ್ ವಾಸ್ ಮಿ, ಅಮ್ಮಾ. ಫ್ರಮ್ ಸ್ಕೂಲ್," ಅಂದಳು.

ಬೇರೆ ಯಾವ ಖರ್ಚನ್ನಾದರೂ ಕಡಿಮೆ ಮಾಡಿಸಿ ಆಂಟಿ. ಇದೊಂದನ್ನು ಉಳಿಸಿಕೊಡಿ.

ಇಷ್ಟೇ ಕೇಳುವುದಿತ್ತು,
ಜ್ಯೋತ್ಸ್ನಾ