ಐವತ್ತೈದು ಕಿಲೋ

ಹಿರೇಗುತ್ತಿ
೧೪ ಡಿಸೆಂಬರ್ ೨೦೨೪

ಪ್ರೀತಿಯ ಪೂರ್ಣಿಮಾ,

ಹಾಸ್ಟೆಲಿನಿಂದ ನೀನು ಬರೆದ ಕಾಗದ ಬಂದು ಎಂಟು ದಿನವಾಯಿತು. ಮೂವತ್ತು ವರ್ಷ ಊರವರ ಕಾಗದಗಳನ್ನು ತಡಮಾಡದೆ ಮುಟ್ಟಿಸಿದ ಪೋಸ್ಟ್‌ಮ್ಯಾನ್ ಸೋಮಯ್ಯ, ಸ್ವಂತ ಮೊಮ್ಮಗಳಿಗೆ ಉತ್ತರ ಬರೆಯಲು ಎಂಟು ದಿನ ತೆಗೆದುಕೊಂಡ. ಬೈಯುವುದಿದ್ದರೆ ಬೈದುಬಿಡು. ಮೂರು ಸಲ ಬರೆದು ಹರಿದೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅಜ್ಜಿ ಪಕ್ಕದಲ್ಲೇ ಕಿವಿ ಕೊಟ್ಟು ಕೂರುತ್ತಾಳೆ.

ಇಲ್ಲಿ ಎಲ್ಲರೂ ಸೌಖ್ಯ. ಅಜ್ಜಿ ಗದ್ದೆಗೆ ಶೇಂಗಾ ಬಿತ್ತಿಸಿ, ಈಗ ಕಾಗೆ ಓಡಿಸುವ ಕೆಲಸಕ್ಕೆ ನನ್ನನ್ನು ನೇಮಿಸಿದ್ದಾಳೆ. ನನ್ನ ಕಾಲಿನ ಬಾವು ಇಳಿದಿದೆ.

ನಿನ್ನ ಕಬಡ್ಡಿ ಕೋಚ್ ಕಲ್ಪನಾ ಮೇಡಂ ಫೋನ್ ಮಾಡಿದ್ದರು. "ರಾಜ್ಯ ತಂಡದ ಪಟ್ಟಿಯಲ್ಲಿ ಇವಳ ಹೆಸರು ಬಂದಾಗಿತ್ತು. ಯಾರೂ ಕೇಳಿರಲಿಲ್ಲ, ಮೂತ್ರಪರೀಕ್ಷೆಯೂ ಆಗಿರಲಿಲ್ಲ. ತಾನಾಗಿ ಬಂದು, 'ಮೇಡಂ, ತೂಕ ಇಳಿಸೂಕೆ ಅಜ್ಜನ ಬಾವಿನ ಮಾತ್ರೆ ಕದ್ದು ತಿಂದಿದ್ದೆ' ಅಂದಳು," ಎಂದರು. ಮೈಯ ನೀರು ಇಳಿಸುವ ಆ ಮಾತ್ರೆ ಆಟಗಾರರಿಗೆ ನಿಷಿದ್ಧವಂತೆ. ವಿಚಾರಣೆ ಮುಗಿಯುವ ತನಕ ನೀನು ಆಡುವಂತಿಲ್ಲ ಎಂದೂ ಹೇಳಿದರು.

ಫೋನ್ ಇಟ್ಟ ಮೇಲೆ ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ಹಾರಬೇಕಿತ್ತು. ನೀನು ಕಪ್ ತಂದ ದಿನವೂ ಹೀಗಾಗಿರಲಿಲ್ಲ. ಹದಿನಾರು ವರ್ಷಕ್ಕೆ ಇಷ್ಟು ಧೈರ್ಯ ಎಲ್ಲಿಂದ ತಂದೆ ಮಾರಾಯ್ತಿ? ನನಗೆ ಎಪ್ಪತ್ತೆರಡಾದರೂ ಬಂದಿಲ್ಲ.

ಕಾಗದದಲ್ಲಿ ನೀನು ಮಾತಾಡಿದಂತೆಯೇ ಬರೆದಿದ್ದೀಯ. "ಊರಲ್ಲಿದ್ದಾಗ ರೇಷನ್ ಅಂಗಡಿ ಜಟ್ಟಣ್ಣನ ಅಕ್ಕಿ ತೂಗೂ ಕಾಂಟಾ ಮೇಲೆ ದಿನಾ ಹತ್ತಿ ಇಳೀತಿದ್ದೆ. ನಮ್ ತಂಡಕ್ಕೆ ಐವತ್ತೈದೇ ಮಿತಿ, ಅದು ಐವತ್ತಾರೂವರೆ ತೋರ್ಸ್ತು. ಮೈ ಬೆಳೀತು ಅಂದ್ರೆ ಸಿಟ್ಟು ಬತ್ತಿತ್ತು ಅಜ್ಜಾ, ನನ್ ಮೈಯೇ ನನ್ನ ತಂಡದಿಂದ ಹೊರಗೆ ದೂಡ್ತಿದ್ದಂಗೆ. ಐವತ್ತೈದು ದಾಟಿದ್ರೆ ನಾ ಯಾರೂ ಅಲ್ಲ ಅನ್ಸ್ತಿತ್ತು. ಅಜ್ಜ ದಿನಾ ತಿನ್ನೂ ಮಾತ್ರೆ, ಅದ್ರಲ್ಲಿ ಎಂತ ತಪ್ಪು ಅಂದ್ಕಂಡೆ." ಹೊನ್ನಾವರದ ಪಂದ್ಯದಲ್ಲಿ ಬಾಯಿ ಒಣಗಿ, ಮೀನಖಂಡ ಹಿಡಿದುಕೊಂಡರೂ ಒಂಬತ್ತು ಅಂಕ ತಂದೆಯಂತೆ. ಅದನ್ನು ಓದಿ ನನಗೆ ಹೆದರಿಕೆಯಾಯಿತು.

ಯಾರೂ ಅಲ್ಲವಂತೆ! ಸೈಕಲ್ಲಿನ ಮುಂದೆ ನಿನ್ನನ್ನು ಕೂರಿಸಿಕೊಂಡು ಟಪ್ಪಾಲು ಹಂಚುವಾಗ, ಇವಳೆಷ್ಟು ಕಿಲೋ ಎಂದು ಯಾವ ಮನೆಯವರೂ ಕೇಳಿರಲಿಲ್ಲ. ಹದಿನಾರರ ಮೈ ಬೆಳೆಯಲೇಬೇಕು ಮಗಾ. ಆಟಕ್ಕಾಗಿ ಅದನ್ನು ಒಣಗಿಸಬೇಡ.

ಮೊನ್ನೆ ಬಸ್‌ಸ್ಟಾಪಿನ ಚಹಾದಂಗಡಿಯಲ್ಲಿ ದಾಸ ಬೇಕೆಂದೇ ಜೋರಾಗಿ ಕೇಳಿದ: "ಸೋಮಣ್ಣಾ, ಮೊಮ್ಮಗಳ ಹೆಸ್ರು ತೆಗ್ದ್ರಂತಲ, ಎಂತ ಆತು?"

"ಅವಳೇ ತಪ್ಪು ಒಪ್ಕಂಡು ತೆಗ್ಸ್ಕಂಡ್ಳು. ನಿನ್ ಮನೇಲಿ ಅಂಥವ್ರು ಯಾರಿದ್ರು ಹೇಳು?" ಎಂದೆ. ಅವನು ಚಹಾ ಅರ್ಧಕ್ಕೆ ಬಿಟ್ಟು ಎದ್ದುಹೋದ.

ಹೊಟ್ಟೆ ತುಂಬ ಉಣ್ಣು. ಮೇಡಂ ಹೇಳಿದಂತೆ ಕೇಳು. ಮುಂದಿನ ವರ್ಷ ಹೆಚ್ಚಿನ ತೂಕದ ತಂಡದಲ್ಲಿ ಆಡಿದರೂ ಸರಿ, ಆಡದಿದ್ದರೂ ಸರಿ, ಇದೇ ತಲೆ ಎತ್ತಿದ ಹುಡುಗಿಯಾಗಿ ನೂರು ಕಾಲ ಬಾಳು.

ನಿನ್ನ ಅಜ್ಜ,
ಸೋಮಯ್ಯ

ತಾ.ಕ.: ನೀನು ಮೇಡಂ ಹತ್ತಿರ 'ಕದ್ದೆ' ಎಂದಿದ್ದೀಯ. ಅದನ್ನು ತಿದ್ದಿಸಬೇಕು. ಹೊನ್ನಾವರದ ಪಂದ್ಯದ ಮರುದಿನವೇ ಒಂದು ಮಾತ್ರೆ ಕಡಿಮೆಯಾದದ್ದು ನನಗೆ ಕಂಡಿತ್ತು. ಯಾಕೆಂದೂ ತಿಳಿದಿತ್ತು. ಆದರೆ ಆ ದಿನ ಊರೆಲ್ಲ ನನ್ನನ್ನು 'ಪೂರ್ಣಿಮಾಳ ಅಜ್ಜ' ಎಂದು ಕರೆಯುತ್ತಿತ್ತು. ಕೇಳಲು ಬಾಯಿ ಬರಲಿಲ್ಲ. ಆಮೇಲೆ ಭಟ್ಕಳದ ಪಂದ್ಯಕ್ಕೆ ನೀನು ಹೊರಡುವ ಮುಂಚೆ ಎರಡು ಮಾತ್ರೆ ನಾನೇ ಸ್ಟ್ರಿಪ್ಪಿನಿಂದ ಕತ್ತರಿಸಿ, ನಿನಗೆ ಕಾಣುವಂತೆ ಕಿಟಕಿಯಲ್ಲಿಟ್ಟು ಗದ್ದೆಯ ಕಡೆ ಹೋದೆ. ಆ ಎರಡು ನೀನು ಕದ್ದದ್ದಲ್ಲ ಮಗಾ, ನಾನು ಕೊಟ್ಟದ್ದು. ಇಷ್ಟನ್ನೂ ಬರೆದು, ಸಹಿ ಮಾಡಿ, ಮೇಡಂಗೆ ಇವತ್ತೇ ರಿಜಿಸ್ಟರ್ ಕಳಿಸುತ್ತಿದ್ದೇನೆ. ಅಜ್ಜಿಗೆ ಮಾತ್ರ ಇನ್ನೂ ಹೇಳಿಲ್ಲ.