ಅಡ್ಡ ತಿರುಗಿದ ಗುಂಡು

ಮೊಂಟಾನಾ
ಡಿಸೆಂಬರ್ ೨, ೨೦೧೭

ಪ್ರೀತಿಯ ವರ್ಲಿನ್,

ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ನೀನು ಗುಂಡುಗಳನ್ನು ಕಳಿಸಿದ್ದು ಜುಲೈನಲ್ಲಿ, ಥ್ಯಾಂಕ್ಸ್ ಹೇಳಲು ಕೂತಿದ್ದು ಈಗ. ಬೈಯಬೇಡ. ಹುಲ್ಲು ಕಟಾವು, ಕರುಗಳ ಮಾರಾಟ, ಆಮೇಲೆ ನನ್ನ ಸೋಮಾರಿತನ.

ಭುಜದ ಆಪರೇಷನ್ ಆದಮೇಲೆ ದೊಡ್ಡ ಕೋವಿಯ ಒದೆತ ಅಕ್ಕ ತಡೆಯಲಾರಳೆಂದು ನೀನೇ ಯೋಚಿಸಿ, ಅಪ್ಪನ ಸಣ್ಣ ರೈಫಲ್ಲಿಗೆ ಭಾರದ, ಉದ್ದನೆಯ ಗುಂಡು ಹುಡುಕಿ ಕಳಿಸಿದೆ. ಅದನ್ನು ನೋಡಿ ನಿನ್ನ ಭಾವ ಮರ್ಲ್, "ಏನೇ ಇದು, ಗಿಡ್ಡನಿಗೆ ಉದ್ದನ ಪ್ಯಾಂಟು ತೊಡಿಸಿದ ಹಾಗಿದೆ!" ಎಂದು ನಕ್ಕ. ಹಳೆಯ ನಳಿಗೆ, ಅದರೊಳಗೆ ಗುಂಡನ್ನು ತಿರುಗಿಸುವ ಸುರುಳಿಗೀರುಗಳ ತಿರುಪು ಸಾಲದು, ಅಷ್ಟುದ್ದದ ಗುಂಡು ಬುಗುರಿಯಂತೆ ನೆಟ್ಟಗೆ ತಿರುಗುವುದಿಲ್ಲ ಎಂದು ಅವನಿಗೆ ಅನುಮಾನ. ಆಗಸ್ಟ್‌ನ ಸುಡುಬಿಸಿಲಲ್ಲಿ ಕಾಗದಕ್ಕೆ ಹೊಡೆದೆ. ತೂತುಗಳೆಲ್ಲ ದುಂಡಗೆ, ಒಂದರ ಪಕ್ಕ ಒಂದು.

"ಈಗೇನಂತೀಯ?"

"ನಿನ್ ತಮ್ಮ ಗೆದ್ದ ಬಿಡು ಮಾರಾಯ್ತಿ."

ಹೋದ ಭಾನುವಾರ ಈ ವರ್ಷದ ಬೇಟೆಗೆ ಕೊನೆಯ ದಿನ. ಮೂಗು ಉದುರುವಂಥ ಚಳಿ. ಫ್ರೀಜರಿನಲ್ಲಿ ಇನ್ನೂ ಮಾಂಸವಿರಲಿಲ್ಲ. ಬೇಲಿಯ ಈಚೆ ಒಂದು ಹೆಣ್ಣು ಜಿಂಕೆ ನಿಂತಿತ್ತು. ಮುಂಗಾಲಿನ ಹಿಂದಕ್ಕೆ, ಎದೆಗೇ ಗುರಿಯಿಟ್ಟೆ, ಗುಂಡು ಹೊಟ್ಟೆಗೆ ಬಿತ್ತು. ಜಿಂಕೆ ಬೆನ್ನು ಬಾಗಿಸಿಕೊಂಡು ಬೇಲಿಯಡಿ ನುಸುಳಿ, ಕಾಡು ಪ್ಲಮ್ ಪೊದೆಗಳ ಹತ್ತಿರ ಮಲಗಿತು. ಅದು ಈಗ ಬೇರೆಯವರ ಜಾಗ. ಅನುಮತಿಯಿಲ್ಲದೆ ಕಾಲಿಡುವಂತಿಲ್ಲ, ಈಚೆಯಿಂದ ಹೊಡೆಯುವಂತೆಯೂ ಇಲ್ಲ. ಆ ಜಾಗ ನೋಡಿಕೊಳ್ಳುವ ಕಿಪ್‌ಗೆ ಫೋನ್ ಮಾಡಿದೆ. ಪಾಪ, ಕೂಡಲೇ ಬಂದ.

"ಬೇಜಾರು ಮಾಡ್ಕೋಬೇಡಿ ಆರ್ಡಿಸಮ್ಮ. ಯಜಮಾನ್ರು ಫೋನೇ ಎತ್ತುತ್ತಿಲ್ಲ. ಅವರನ್ನ ಕೇಳ್ದೆ ನಿಮ್ಮನ್ನ ಒಳಗೆ ಬಿಟ್ರೆ ನನ್ ಕೆಲಸ ಹೋಗುತ್ತೆ."

"ಹಾಗಾದ್ರೆ ನೀನೇ ಹೋಗಿ ಮುಗಿಸಪ್ಪ. ನೋಡು, ಇನ್ನೂ ತಲೆ ಎತ್ತುತ್ತಿದೆ."

"ಇಲ್ಲಿ ಯಾರೂ ಕೋವಿ ಹಾರಿಸ್ಬಾರ್ದು ಅಂದ್ಬಿಟ್ಟಿದಾರೆ. ನಾನೂ ಸೇರಿ."

ಅವನು ಮತ್ತೆ ಮತ್ತೆ ಫೋನ್ ಒತ್ತುತ್ತಾ ನನ್ನ ಪಕ್ಕದಲ್ಲೇ ನಿಂತ. ಕತ್ತಲಾಗುವವರೆಗೂ ಇಬ್ಬರೂ ನೋಡುತ್ತಲೇ ಇದ್ದೆವು. ಅದು ಸಾಯಲೇ ಇಲ್ಲ ಕಣೋ. ಹೊಡೆದದ್ದನ್ನು ಹುಡುಕಿ ಮುಗಿಸದೆ ನಾನು ಮನೆಗೆ ಬಂದದ್ದು ಯಾವತ್ತೂ ಇಲ್ಲ. ದಾರಿಯುದ್ದಕ್ಕೂ ಅತ್ತೆ.

ಮರುದಿನ ಅದೇ ಚಳಿಯಲ್ಲಿ ಮತ್ತೆ ಕಾಗದಕ್ಕೆ ಹೊಡೆದು ನೋಡಿದೆವು. ತೂತುಗಳು ಉದ್ದುದ್ದ, ಗುಂಡು ಅಡ್ಡ ಬಿದ್ದುಕೊಂಡೇ ಹೋಗಿತ್ತು. ಚಳಿಯಲ್ಲಿ ಗಾಳಿ ದಪ್ಪವಾಗುತ್ತೆ, ಬೇಸಿಗೆಯಲ್ಲಿ ಹೇಗೋ ಪಾಸಾದ ಗುಂಡು ಈಗ ತಡವರಿಸಿತು, ಅಷ್ಟೇ, ಎಂದ ಮರ್ಲ್. ಈ ಸಲ ನಗಲಿಲ್ಲ. ಚಳಿಗಾಲದ ಬೇಟೆಗೆ ಬೇಸಿಗೆಯಲ್ಲಿ ಪರೀಕ್ಷೆ ಮಾಡಿದ್ದೇ ನಮ್ಮ ಬುದ್ಧಿವಂತಿಕೆ. ಉಳಿದ ಗುಂಡುಗಳನ್ನು ವಾಪಸ್ಸು ಕಳಿಸುತ್ತೇನೆ, ನಿನ್ನ ಹೊಸ ಕೋವಿಯ ನಳಿಗೆಯಲ್ಲಿ ತಿರುಪು ಹೆಚ್ಚು, ಅದಕ್ಕೆ ಸರಿಹೋಗುತ್ತವೆ.

ಮಕ್ಕಳಿಗೆ ನನ್ನ ಮುತ್ತು. ದೇವರು ನಿಮ್ಮನ್ನು ಬೆಚ್ಚಗಿಟ್ಟಿರಲಿ.

ನಿನ್ನ ಅಕ್ಕ,
ಆರ್ಡಿಸ್

ಇಷ್ಟು ಬರೆದ ಮೇಲೆ ಇನ್ನೊಂದು ಮಾತು: ಗುಂಡಿನ ವಿಷಯಕ್ಕೆ ನಿನ್ನ ಮೇಲೆ ಕೋಪವಿಲ್ಲ. ಆದರೆ ಆ ಜಿಂಕೆ ಮಲಗಿದ್ದು ನಾವು ಅಪ್ಪನ ಚಿತಾಭಸ್ಮ ಚೆಲ್ಲಿದ ಜಾಗದಲ್ಲೇ. ಅಪ್ಪನ ಆಸ್ತಿಯಲ್ಲಿ ಆ ಜಮೀನು ನಿನ್ನ ಪಾಲು, ಮಾರಿದ್ದು ನಿನ್ನ ಹಕ್ಕು. ಕೊಳ್ಳುವ ಶಕ್ತಿ ನನಗಿರಲಿಲ್ಲ, ಅದೂ ನಿಜ. ಆದರೂ ಸಹಿ ಹಾಕುವ ಮುಂಚೆ ನನಗೊಂದು ಮಾತು ಹೇಳಿದ್ದರೆ, ಕೊನೆಯ ಸಲ ಅಲ್ಲಿ ಹೋಗಿ ಕೂತು ಬರುತ್ತಿದ್ದೆ ಕಣೋ.