ಸಾಲಿ ಗಾಡಿಯ ಉದ್ದ ಚಪ್ಪರ

೧೯೧೧ ಮಾರ್ಚ್ ೧೪, ಮಂಗಳವಾರ. ಇಳಕಲ್ಲ.

ಮನಿಮನಿ ತಿರಗಿ ಮಂದಿ ಎಣಿಸಿದ ಖಾನೇಸುಮಾರಿ ಕಾಗದ ಒಪ್ಪಿಸಿ ಬಂದೆ. ಬೆರಳಿಗೆ ಮಸಿ, ಕಾಲಿಗೆ ಗುಳ್ಳಿ. ಸಾಲಿಗೆ ಬಂದು ನೋಡಿದ್ರ ಮೇಜಿನ ಮ್ಯಾಲೆ ಸಾಲಿ ತಪಾಸಣಿಯ ಡಿಪ್ಟಿ ಸಾಹೇಬರ ಲಕೋಟಿ. ನಮ್ಮ ಹೆಣ್ಣುಮಕ್ಕಳ ಸಾಲಿ ಹೋದ ಮಳಿಗಾಲದಾಗ ಖಾಲಿ ಬಿದ್ದಿತ್ತಂತ. ಈ ಸಲ ಮಳಿ ಹಿಡದ ಮ್ಯಾಲೂ ದಿನಾ ಇಪ್ಪತ್ತು ಹುಡುಗ್ಯಾರು ಬರ್ಲಿಲ್ಲಂದ್ರ ಸಾಲಿ ಬಂದ್. ಮೂರ ಸಾಲು. ಕೆಳಗ ಸಹಿ.

ಖಾಲಿ ಬಿದ್ದಿದ್ದು ಖರೆ. ನೇಕಾರ ಓಣಿ ಹಳ್ಳದ ಆಕಡೆ, ಸಾಲಿ ಈಕಡೆ. ಹೋದ ಶ್ರಾವಣದಾಗ ನೇಕಾರ ಮುದುಕಿ ಲಾಡಬಿ ಆಯಿಯ ಮೊಮ್ಮಗಳು ಜೋಹರಾ ದಾಟೂವಾಗ ಕಾಲು ಜಾರಿ ಬಿದ್ಲು. ಜಾಲಿ ಕಂಟಿ ಕೈಗೆ ಸಿಕ್ತು, ಉಳದ್ಲು. ಆಮ್ಯಾಲೆ ಮಳಿ ಬಿಡೂತನಕಾ ಆ ಓಣಿಯ ಒಂದು ಹುಡುಗೀನೂ ಬರ್ಲಿಲ್ಲ. ಜೋಹರಾ ಅಂತೂ ಇವತ್ತಿನತನಕಾ ಬಂದಿಲ್ಲ. ಬಾಯಿಲೆಕ್ಕದಾಗ ನನ್ನನ್ನ ಸೋಲಸತಿದ್ಲು ಪೋರಿ!

ಇವತ್ತ ಊಟ ಹೋಗ್ಲಿಲ್ಲ. ಹೇಣ್ತಿ ಸಂಗವ್ವ ಎರಡು ಸಲ ರೊಟ್ಟಿ ಬಿಸಿ ಮಾಡಿದ್ಲು. ಪಾಪ.

ಮಾರ್ಚ್ ೧೯, ರವಿವಾರ.

ದೇವರು ದೊಡ್ಡಾಂವ! ಸೀರಿ ವ್ಯಾಪಾರದ ಅಮಾತೆಪ್ಪ ಸಾವಕಾರ್ರು ಹುಡುಗ್ಯಾರ್ನ ಹಳ್ಳ ದಾಟಸಾಕ ಎರಡು ಗಾಡಿ ಕೊಟ್ರು. ಎತ್ತರ ಗಾಲಿ, ಮ್ಯಾಲೆ ಚಾಪಿ ಕಮಾನು. "ನೀವು ಬಾಯಿ ಬಿಡೂದು ಬ್ಯಾಡ್ರಿ ಮಾಸ್ತರ. ಮಾರಿ ನೋಡಿದ್ರ ಯಾರರೇ ಸತ್ತಾರೇನೋ ಅನ್ನಸ್ತದ" ಅಂದ್ರು. ಬೈದು ಕೊಟ್ರು, ಆದ್ರ ಕೊಟ್ರು.

ಗಾಡಿ ನೇಕಾರ ಓಣಿಯ ಫಕ್ರುಸಾಬ ಮತ್ತ ಅವನ ತಮ್ಮ ಹೊಡೀತಾರ. ಎತ್ತು ಅವರವ. ಗಾಡಿ ಆ ಓಣ್ಯಾಗ ನಿಲ್ಲಬೇಕು, ಹುಡುಗ್ಯಾರು ಅಲ್ಲೇ ಹತ್ತಬೇಕು. ಮಳ್ಯಾಗ ಬಿಟ್ರ ಚಾಪಿ ಕೊಳೀತಾವ, ಅದಕ್ಕ ಒಂದು ಚಪ್ಪರ ಬೇಕು. ಓಣಿ ತುದಿಯ ಬಯಲು ಕೊಡ್ತೇವಿ ಅಂತ ಮುನ್ಸಿಪಾಲ್ಟ್ಯಾವರು ಅಂದ್ರು.

ಸಂಜಿ ಐದಕ್ಕ ಟೇಪು ಹಿಡಕೊಂಡು ಹೋಗಿ ಅಳದೆ. ಛಲೋ ಜಾಗ... ಹರವು, ಖಾಲಿ, ಒಂದು ನಾಯಿ ಸೈತ ಇಲ್ಲ. ಮನಿಗೆ ಬಂದು ಪ್ಲಾನು ತಗದೆ. ಹದಿನೈದು ಮೊಳ ಉದ್ದ, ಎರಡು ಗಾಡಿ, ನಾಕು ಎತ್ತು. ಸಂಗವ್ವ ಬಗ್ಗಿ ನೋಡಿ, "ಗೋಲಗುಂಬಜ ಕಟ್ಟಾವ್ರಂಗ ಕುಂತೀರಲ್ಲ!" ಅಂದ್ಲು. ನಗಲಿ.

ಏಪ್ರಿಲ್ ೩, ಸೋಮವಾರ. ಮಧ್ಯಾಹ್ನ.

ಮಾರಿ ಎಲ್ಲಿಡ್ಲಿ?

ನಿನ್ನೆ ಸಂಜಿಗೆ ಗಾಡಿ, ಎತ್ತು ಎಲ್ಲಾ ಬಯಲಿಗೆ ತಂದು ನಿಲ್ಲಿಸಿದ್ವಿ. ಇವತ್ತ ನಸುಕಿನ್ಯಾಗ ಫಕ್ರುಸಾಬ ಓಡಿ ಬಂದು ಬಾಗಲಾ ಬಡದ. "ಮಾಸ್ತರ, ಲಗೂನ ಬರ್ರಿ. ಲಾಡಬಿ ಆಯಿ ಕೈಯಾಗ ಬಡಿಗಿ ಐತಿ."

ಹೋಗಿ ನೋಡಿದ್ರ ಆ ಬಯಲು ಬಯಲ ಅಲ್ಲ! ನಸುಕಿನ್ಯಾಗ ಓಣಿ ಹೆಣ್ಣುಮಕ್ಕಳೆಲ್ಲಾ ಮಗ್ಗದ ಹಾಸು ಅಲ್ಲೇ ಚಾಚ್ತಾರ. ಈ ತುದಿಯಿಂದ ಆ ತುದಿಗೆ ನೂಲು ಎಳದು ಕಟ್ಟಿ, ಜೋಳದ ಗಂಜಿ ಹಚ್ಚಿ, ತಂಪಿನ್ಯಾಗ ಆರಸ್ತಾರ. ಬಿಸಲು ಏರಿದ್ರ ನೂಲು ಪಟಪಟ ಹರೀತಾವಂತ, ಅದಕ್ಕ ಅಷ್ಟರಾಗ ಸುತಗೊಂಡು ಒಳಗ ಹೋಗಿಬಿಡ್ತಾರ. ನಾ ಆ ಓಣಿಗೆ ಹೋಗೂದು ಯಾವಾಗ್ಲೂ ಸಂಜಿಗೆ, ಸಾಲಿ ಬಿಟ್ಟ ಮ್ಯಾಲೆ. ಎಂಟು ವರ್ಷ ಆತು ಈ ಊರಿಗೆ ಬಂದು. ಕೆರೂರ ಒಕ್ಕಲಿಗನ ಮಗ ನಾ, ನೇಕಾರರ ನಸುಕು ಒಂದು ದಿನಾನೂ ನೋಡಿಲ್ಲ.

ಫಕ್ರುಸಾಬನ ಎತ್ತಿಗೆ ಗಂಜಿ ವಾಸನಿ ಬಡದೈತಿ. ಕಣ್ಣಿ ಹರಕೊಂಡು ಹೋಗಿ ಆಯಿಯ ಕೆಂಪು ಹಾಸು ನೆಕ್ಕಿ, ಜಗದು, ತುಳದು... ಹದಿನೈದು ದಿನದ ಕೆಲಸ ಮಣ್ಣಾಗ.

ಆಯಿ ಬಡಿಗಿ ಎತ್ತಲಿಲ್ಲ. ಎತ್ತಿದ್ರ ಛಲೋ ಇತ್ತು. "ಹೋದ ವರ್ಷ ಹಳ್ಳ ನನ್ನ ಮೊಮ್ಮಗಳ್ನ ಒಯ್ಯಾಕ ಬಂದಿತ್ತು. ಈ ವರ್ಷ ನೀವು ನಮ್ಮ ಅನ್ನ ಒಯ್ಯಾಕ ಬಂದೀರೇನ್ರಿ ಮಾಸ್ತರ?" ಅಂದ್ಲು. ಬಾಗಲದಾಗ ಜೋಹರಾ ನಿಂತಿದ್ಲು. ನನ್ನ ನೋಡಿ ನಮಸ್ಕಾರ ಮಾಡಬೇಕೋ ಬ್ಯಾಡೋ ತಿಳೀದ ಒಳಗ ಹೋದ್ಲು.

ಮನಿಗೆ ಬಂದು, "ಹಾಳಾದ ಎತ್ತು!" ಅಂದೆ.

"ಎತ್ತಿನ ಮ್ಯಾಲ್ಯಾಕ ಹಾಕ್ತೀರಿ? ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ" ಅಂದ್ಲು ಸಂಗವ್ವ. "ಹೋಗಿ ಆ ನೂಲು ಗಂಟು ಹಾಕಿ ಕೊಡ್ರಿ. ಕೈ ಅದಾವಲ್ಲ?"

ಏಪ್ರಿಲ್ ೫.

ಎರಡು ದಿನಾ ಆತು, ನಸುಕಿನ್ಯಾಗ ಹೋಗಿ ಕುಂಡ್ರತೇನಿ. ಹರದ ಎಳಿ ಹುಡುಕೂದು, ಗಂಟು ಹಾಕೂದು. ಆಯಿ ನೂರು ಹಾಕೂದ್ರಾಗ ನನ್ನವು ಏಳು. ಅದರಾಗ ನಾಕು ಬಿಚ್ಚತಾವ. "ಮಾಸ್ತರ, ನಿಮ್ಮ ಗಂಟಿಗಿಂತ ಎತ್ತು ನೆಕ್ಕಿದ್ದ ಪಾಡ" ಅಂದ್ಲು ಒಬ್ಬಾಕಿ. ಇಡೀ ಓಣಿ ನಕ್ಕಿತು. ಆಯಿ ಮಾತ್ರ ನಗಲಿಲ್ಲ. ಹೊಂಡೂ ಮುಂದ ಒಂದು ತಂಬಿಗಿ ಮಜ್ಜಿಗಿ ತಂದಿಟ್ಲು.

ಏಪ್ರಿಲ್ ೭, ಶುಕ್ರವಾರ.

ಇವತ್ತ ಖುಷಿ ಸುದ್ದಿ.

ಹಾಸು ಸರಿ ಆತು. ಕಡೀ ಎಳಿ ಗಂಟು ಹಾಕೂವಾಗ ಆಯಿ ಮುಗಲ ನೋಡಿದ್ಲು. "ಇನ್ನ ಎರಡು ತಿಂಗಳು. ಮಿರಗದ ಮಳಿ ಹೊಕ್ಕರ ಇದೂ ಬಂದ್. ನೂಲು ತೊಯ್ತಾವ. ಮಳಿಗಾಲ ಅಂದ್ರ ಅರ್ಧ ಓಣಿ ಮಗ್ಗ ಖಾಲಿ" ಅಂದ್ಲು. ಅಂದಾಕಿ ಹಂಗ ನನ್ನ ಕಡೆ ತಿರಗಿ, "ನಿಮ್ಮ ಚಪ್ಪರ ಎಷ್ಟುದ್ದರಿ?" ಅಂತ ಕೇಳಿದ್ಲು.

"ಹದಿನೈದು ಮೊಳ, ಆಯಿ. ಆದ್ರ ಇನ್ನ ಅದೆಲ್ಲಿ ಚಪ್ಪರ..."

"ಗಿಡ್ಡ ಆತು. ಮೂವತ್ತೈದು ಮೊಳ ಮಾಡ್ರಿ. ಒಂದು ಬಾಜೂಕ ನಿಮ್ಮ ಗಾಡಿ ನಿಲ್ಲಲಿ, ಒಂದು ಬಾಜೂಕ ನಮ್ಮ ಹಾಸು. ಮಳಿ ಬಂದ್ರ ಬರಲಿ. ಎತ್ತು ಮಾತ್ರ ಫಕ್ರ್ಯಾ ತನ್ನ ಮನ್ಯಾಗ ಕಟ್ಟಗೋಬೇಕು. ಗಂಜಿ ಕುಡಿಯೂ ಎತ್ತು ನನ್ನ ಕಣ್ಣಿಗೆ ಬೀಳಬಾರದು."

ಅಲ್ಲೇ ಕುಂತು ಅತ್ತುಬಿಡ್ತಿದ್ದೆ. ಮುಲ್ಕಿ ಪರೀಕ್ಷಾ ಪಾಸಾದಾವ ನಾ. ಟೇಪು ಹಿಡದು ಅಳದಾವ ನಾ. ನನ್ನ ತಲ್ಯಾಗ ಇದು ಹೊಳೀಲಿಲ್ಲ. ಕಾಲಿಗೆ ಬೀಳಾಕ ಹೋದೆ, ಹಿಂದ ಸರದ್ಲು.

"ಚಪ್ಪರಕ್ಕ ಹೂಂ ಅಂದೇನಿ. ಜೋಹರಾನ ಮಾತು ತಗೀಬ್ಯಾಡ್ರಿ. ಆ ಹಳ್ಳ ನಾ ಮರತಿಲ್ಲ."

ಹೂಂ ಅಂದು ಟೇಪು ತರಾಕ ಮನಿಗೆ ಓಡಿದೆ.

ಮೇ ೧೧, ಗುರುವಾರ.

ಒಂದು ತಿಂಗಳು ಬರೀಲಿಲ್ಲ. ಪುರುಸೊತ್ತು ಎಲ್ಲೈತಿ? ಮುನ್ಸಿಪಾಲ್ಟ್ಯಾವರು ಹದಿನೈದು ಮೊಳಕ್ಕ ಅಷ್ಟ ಹೂಂ ಅಂದ್ರು. ಉಳದ ಇಪ್ಪತ್ತು ಮೊಳ ಓಣಿನ ಕಟ್ಟಿತು. ಮುರದ ಮಗ್ಗದ ಕಟಗಿ ಒಬ್ಬಾಂವ, ಬಿದಿರು ಒಬ್ಬಾಂವ. ಫಕ್ರುಸಾಬ ಹುಲ್ಲು ತಂದ, ಎತ್ತಿನ ತಪ್ಪಿಗೆ ಅಂತ. ಸಂಗವ್ವ ಮಂದಿಗೆಲ್ಲಾ ರೊಟ್ಟಿ, ಝುಣಕ ಹೊತ್ತಗೊಂಡು ಹಳ್ಳ ದಾಟಿ ಬಂದ್ಲು. ಮದುವಿಯಾದಾಗಿಂದ ನನ್ನ ಕೆಲಸ ನೋಡಾಕ ಅಕಿ ಬಂದಿದ್ದು ಇದ ಮೊದಲ. ಯಾರ್ಯಾರಿಗಂತ ಶರಣು ಅನ್ನಲಿ? ನಾ ಸಿಟ್ಟಿನ ಮನಷ್ಯಾ, ಎಂಟು ವರ್ಷದಾಗ ಈ ಓಣ್ಯಾಗ ಯಾರ ಕೂಡ ಜಗಳಾಡಿಲ್ಲ ಅಂತಿಲ್ಲ. ಅವರ ಎಲ್ಲಾರೂ ಬಂದು ಕಂಬ ಹಿಡದ್ರು.

ಜೂನ್ ೮, ಗುರುವಾರ. ಮುಂಜಾನಿ ೬.

ಮಿರಗ ಹೊಕ್ತು. ಜಿಟಿಜಿಟಿ ಹಿಡದೈತಿ. ಕೊಡಿ ಹಿಡಕೊಂಡು ಚಪ್ಪರಕ್ಕ ಓಡಿದೆ. ಒಂದು ಕಡೆ ಸೋರತೈತಿ, ಅದು ಗಾಡಿ ಬಾಜೂಕ. ಈಕಡೆ ಮೂರು ಹಾಸು ಚಾಚ್ಯಾರ, ಒಂದು ಹನಿ ಬಿದ್ದಿಲ್ಲ. ಆಯಿ ಗಂಜಿ ಹಚ್ಚಕೋತ ನನ್ನ ನೋಡಿ ತಲಿ ಆಡಿಸಿದ್ಲು. ಮಳ್ಯಾಗ ಹಾಸು ಚಾಚಿದ್ದು ಅಕಿ ಜನ್ಮದಾಗ ಇದ ಮೊದಲಂತ.

ಸೋಮವಾರ ಸಾಲಿ ಸುರು. ಹೂಂ ಅಂದವರು ಭಾಳ ಅದಾರ. ಮಳಿ ನೋಡಿ ಎಷ್ಟು ಮಂದಿ ಉಳೀತಾರೋ... ಇಪ್ಪತ್ತು. ಇಪ್ಪತ್ತಾದ್ರ ಸಾಕಪ್ಪಾ.

ಜೂನ್ ೧೨, ಸೋಮವಾರ. ಮಧ್ಯಾಹ್ನ, ಸಾಲ್ಯಾಗ.

ನಸುಕಿನಿಂದ ಜಡಿ ಮಳಿ. ಹಳ್ಳ ಕೆಂಪಗ ಹರಿಯಾಕ್ಹತ್ತೈತಿ. ಊರ ಕಡೆಯಿಂದ ನಡಕೊಂತ ಬಂದವರು ಏಳ ಮಂದಿ. ಹನ್ನೊಂದಾತು, ಗಾಡಿ ಇಲ್ಲ. ಬಾಗಲದಾಗ ನಿಂತೆ. ಏನರೇ ಆದ್ರ ಆ ತಾಯಂದಿರಿಗೆ ಏನು ಹೇಳ್ಲಿ?

ಫಕ್ರುಸಾಬನ ಗಾಡಿ ಬಂತು. ಗಾಲಿ ಅರ್ಧತನಕಾ ತೊಯ್ದಿದ್ವು. ಒಂಬತ್ತು ಹುಡುಗ್ಯಾರು, ಕಿರಚಕೊಂತ, ನಕ್ಕೊಂತ ಇಳದ್ರು. ಹದಿನಾರು. ಅವನ ತಮ್ಮನ ಗಾಡಿ ಹಿಂದ ಇತ್ತು. ಅದರಾಗಿಂದ ಆರು. ಇಪ್ಪತ್ತೆರಡು! ಇಪ್ಪತ್ತೆರಡ್ರಿ ಡಿಪ್ಟಿ ಸಾಹೇಬ್ರ!

ಆರನೇದಾಕಿ ಇಳದ ಮ್ಯಾಲೂ ಗಾಡಿ ಒಳಗ ಯಾರೋ ಇದ್ರು. ಚಾಪಿ ಸರಿಸಿ ನೋಡಿದೆ. ಲಾಡಬಿ ಆಯಿ. ಕಣ್ಣು ಗಟ್ಟಿ ಮುಚ್ಚಕೊಂಡು, ಕಮಾನು ಹಿಡಕೊಂಡು ಕುಂತಿದ್ಲು. ಮತ್ತೊಂದು ಕೈಯಾಗ ಜೋಹರಾನ ರಟ್ಟಿ.

"ದಾಟೀತೇನ್ರಿ ಹಳ್ಳ?" ಅಂದ್ಲು, ಕಣ್ಣು ತಗೀದ.

"ದಾಟಿ ಭಾಳ ಹೊತ್ತಾತು ಆಯಿ. ಸಾಲಿ ಬಂತು."

ಆಗ ಕಣ್ಣು ತಗದ್ಲು. "ಇವತ್ತ ನಾ ಬಂದೇನಿ. ನಾಳಿಂದ ಅಕಿ ಒಬ್ಬಾಕಿ ಬರ್ತಾಳ. ನನಗ ಹಾಸಿನ ಕೆಲಸ ಐತಿ."

ಕೈ ಹಿಡದು ಇಳಿಸಿದೆ. ಒಳಗ ಬಂದು ಗ್ವಾಡಿಗೆ ಒರಗಿ ಕುಂತ್ಲು. ಹಾಜರಿ ಪುಸ್ತಕ ತಗದೆ. ಹೆಸರು ಕೂಗಕೋತ ಬಂದೆ. ಹೋದ ಶ್ರಾವಣದಿಂದ ಆ ಒಂದು ಹೆಸರಿನ ಮುಂದ ಬರೇ ಸೊನ್ನಿ ಬರದೇನಿ. "ಜೋಹರಾ" ಅಂದೆ.

ಹುಡುಗಿ ಬಾಯಿ ತಗಿಯೂ ಮೊದ್ಲ ಹಿಂದಿನಿಂದ ಆಯಿ ಜೋರ ಕೂಗಿದ್ಲು: "ಅದಾಳ್ರಿ!"

ಇಡೀ ಸಾಲಿ ನಕ್ಕಿತು. ನಾ ನಗಾಕ ಹೋದೆ, ನನಗ ಆಗ್ಲಿಲ್ಲ. ಕಪ್ಪು ಹಲಗಿ ಕಡೆ ಮಾರಿ ತಿರಗಿಸಿ ನಿಂತು, ಸೀಮಿಸುಣ್ಣದಲೆ ದೊಡ್ಡದಾಗಿ ಬರದೆ: ಇಪ್ಪತ್ತಮೂರು.